ಕಾಗದದ ಅಂಚು

ಕೆಲವು ಕಾಗದಗಳು ಬಹುಕಾಲ ಬಾಳಲೆಂದು ಅಚ್ಚಾಗುತ್ತವೆ. ನಿಘಂಟು, ಧರ್ಮಗ್ರಂಥ, ಭೂಮಿಯ ದಸ್ತಾವೇಜು ಆ ಜಾತಿಯವು. ಇನ್ನು ಕೆಲವು ಒಂದು ರಾತ್ರಿಯ ಮಟ್ಟಿಗೆ ಹುಟ್ಟಿದವು. ನಮ್ಮ ಸೀಮೆಯ ಯಕ್ಷಗಾನದ ಕರಪತ್ರ ಈ ಎರಡನೆಯ ಜಾತಿಗೆ ಸೇರಿದ್ದು. ಸಂತೆಯಲ್ಲಿ, ಬಸ್ಸಿನ ತಂಗುದಾಣದಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ ಕೈಯಿಂದ ಕೈಗೆ ದಾಟಿ, ಆಟ ಮುಗಿದು ಬೆಳಗಾಗುವಷ್ಟರಲ್ಲಿ ನೆಲಗಡಲೆಯ ಪೊಟ್ಟಣವಾಗಿ ಗದ್ದೆಯ ಬದುವಿನಲ್ಲಿ ಬಿದ್ದಿರುವುದೇ ಅದರ ಸಹಜವಾದ ಗತಿ. ಅಂತಹ ಕಾಗದವೊಂದು ಅನೇಕ ದಶಕಗಳನ್ನು ದಾಟಿ ನಮ್ಮ ಕೈಗೆ ಬಂದಿತ್ತು. ಅದನ್ನು ಉಳಿಸಲೆಂದು ಹೊರಟ ನಾವೇ ಅದನ್ನು ಕೆಡಿಸಿದೆವು. ಆ ತಪ್ಪನ್ನೂ ತಪ್ಪಿನಿಂದ ಕಲಿತುದನ್ನೂ ಗಡಿನಾಡಿನ ಬಂಧುಗಳ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಬರಹಕ್ಕೆ ತೊಡಗಿದ್ದೇವೆ.

ನಾವೆಂದರೆ ಒಡಹುಟ್ಟಿದ ಮೂವರು. ಕುಂಬಳೆಯ ಸಮೀಪದಲ್ಲಿದ್ದ ನಮ್ಮ ಹಿರಿಯರ ಮನೆ ಮುರಕಲ್ಲಿನ ಪಂಚಾಂಗದ ಮೇಲೆ ಮಣ್ಣಿನ ಗೋಡೆ ಎಬ್ಬಿಸಿ ಹಂಚು ಹೊದಿಸಿದ ಮನೆ. ಪಾಲುಪಟ್ಟಿ ಮುಗಿದ ವರ್ಷ ಅದನ್ನು ಕೆಡಹಿ ಹೊಸತನ್ನು ಕಟ್ಟುವುದೆಂದು ನಿಶ್ಚಯವಾಯಿತು. ಅಟ್ಟದಿಂದ ಕೆಳಗಿಳಿಸಿದ ಸಾಮಾನುಗಳ ನಡುವೆ ಹಲಸಿನ ಮರದ ಪೆಟ್ಟಿಗೆಯೊಂದಿತ್ತು. ಅದರೊಳಗೆ, ಹಿಂದೆ ಅಂಗಡಿಗಳಲ್ಲಿ ಚೀಟಿ ಚುಚ್ಚಿಡುತ್ತಿದ್ದಂತಹ, ತುದಿ ಬಗ್ಗಿಸಿದ ಕಬ್ಬಿಣದ ಸರಿಗೆ. ಆ ಸರಿಗೆಯಲ್ಲಿ ಇನ್ನೂರಕ್ಕೂ ಮಿಕ್ಕಿ ಕರಪತ್ರಗಳು. ಗುಲಾಬಿ, ಹಳದಿ, ತಿಳಿಹಸುರು, ನಸುನೀಲಿ ಬಣ್ಣದ ತೆಳ್ಳನೆಯ ಕಾಗದಗಳು. ಅಜ್ಜ ತಾವು ನೋಡಿದ ಪ್ರತಿಯೊಂದು ಆಟದ, ಕೂತು ಕೇಳಿದ ಪ್ರತಿಯೊಂದು ತಾಳಮದ್ದಳೆಯ ಕರಪತ್ರವನ್ನು ಮನೆಗೆ ತಂದು, ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆದು ಸರಿಗೆಗೆ ಚುಚ್ಚಿಡುತ್ತಿದ್ದರು. ಜೊತೆಗೆ ಯಾರು ಬಂದಿದ್ದರು, ಭಾಗವತರ ಸ್ವರ ಹೇಗಿತ್ತು, ಮಳೆ ಬಂತೇ, ಖರ್ಚು ಎಷ್ಟಾಯಿತು ಎಂಬ ಟಿಪ್ಪಣಿಗಳು ಅವು.

ಅವುಗಳಲ್ಲಿ ಒಂದು ಗುಲಾಬಿ ಕಾಗದ ಮಾತ್ರ ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸಿತು. ಅದು ಕೃಷ್ಣಸಂಧಾನದ ತಾಳಮದ್ದಳೆಯ ಕರಪತ್ರ. ಅರ್ಥಧಾರಿಗಳ ಪಟ್ಟಿಯ ನಾಲ್ಕನೆಯ ಸಾಲಿನಲ್ಲಿ ಧರ್ಮರಾಯನ ಮುಂದೆ ನಮ್ಮ ಅಜ್ಜನ ಹೆಸರು ಅಚ್ಚಾಗಿತ್ತು. ಅಷ್ಟೂ ಕಾಗದಗಳಲ್ಲಿ ಅವರ ಹೆಸರು ಮುದ್ರಣ ಕಂಡದ್ದು ಅದೊಂದರಲ್ಲಿ ಮಾತ್ರ. ಈ ತಾಳಮದ್ದಳೆಯ ಸುದ್ದಿಯನ್ನು ನಾವು ಚಿಕ್ಕಂದಿನಲ್ಲಿ ಅಜ್ಜಿಯ ಬಾಯಿಂದ ಎಷ್ಟೋ ಸಲ ಕೇಳಿದ್ದೆವು. ರಾಜ್ಯಗಳ ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿ ತಿಂಗಳು ತುಂಬಿರಲಿಲ್ಲವಂತೆ. ಅರ್ಧರಾಜ್ಯ ಇಲ್ಲದಿದ್ದರೆ ಐದು ಗ್ರಾಮಗಳಾದರೂ ಸಾಕೆಂದು ಧರ್ಮರಾಯ ಕೃಷ್ಣನಲ್ಲಿ ಹೇಳಿ ಕಳುಹಿಸುವ ಸಂದರ್ಭದಲ್ಲಿ ಅಜ್ಜನ ಮಾತು ಕಟ್ಟಿಹೋಯಿತಂತೆ. ಚಪ್ಪರದೊಳಗೆ ಯಾರೂ ಉಸಿರೆತ್ತಲಿಲ್ಲವಂತೆ. ಮದ್ದಳೆಯವರು ಒಂದು ಪೆಟ್ಟು ಹಾಕಿ ಮೌನವನ್ನು ಮುರಿಯಬೇಕಾಯಿತಂತೆ. ನಮ್ಮ ಮನೆತನಕ್ಕೆ ಆ ರಾತ್ರಿ ಒಂದು ಪುರಾಣವೇ ಆಗಿತ್ತು. ಆ ಪುರಾಣದ ಸಾಕ್ಷಿ ಈಗ ಅಂಗೈಯಲ್ಲಿ ಇದೆ ಎಂದು ನಾವು ಹಿಗ್ಗಿದೆವು. ಹೊಸ ಮನೆಯ ಚಾವಡಿಯಲ್ಲಿ ಕಟ್ಟು ಹಾಕಿಸಿ ತೂಗಹಾಕಬೇಕೆಂದು ಮೂವರೂ ಒಮ್ಮನಸ್ಸಿನಿಂದ ತೀರ್ಮಾನಿಸಿದೆವು.

ಪೇಟೆಯ ಅಂಗಡಿಯವರು ಒಳ್ಳೆಯ ಕೆಲಸಗಾರರು. ಕಾಗದವನ್ನು ಮೇಜಿನ ಮೇಲೆ ಹರಡಿ, ಅಳತೆ ಹಿಡಿದು ಹೇಳಿದರು: “ಅಡಿಯಲ್ಲಿ ಸಣ್ಣಕ್ಷರದ ಒಂದು ಸಾಲು ಉಂಟು. ಅದನ್ನೂ ಬದಿಯ ಹರಕನ್ನೂ ತೆಗೆದರೆ ಸಿದ್ಧ ಚೌಕಟ್ಟಿಗೆ ಸರಿಯಾಗಿ ಕೂರ್ತದೆ. ಕತ್ತರಿಸಬಹುದಲ್ಲ?” ಆ ಸಾಲಿನಲ್ಲಿ ಏನಿದೆಯೆಂದು ನಾವು ಬಗ್ಗಿ ನೋಡಲಿಲ್ಲ. ಬೆನ್ನಿನಲ್ಲಿ ಎಂಟೋ ಹತ್ತೋ ಸಾಲು ಪೆನ್ಸಿಲಿನ ಬರಹವಿರುವುದು ಕಂಡಿತ್ತು; ಮನೆ ಕೆಲಸದ ಗಡಿಬಿಡಿ ಮುಗಿದ ಮೇಲೆ ನಿಧಾನವಾಗಿ ಓದಿದರಾಯಿತು ಎಂದುಕೊಂಡಿದ್ದೆವು. ಒಂದು ಛಾಯಾಚಿತ್ರ ತೆಗೆದಿಡುವ ಬುದ್ಧಿಯೂ ಹುಟ್ಟಲಿಲ್ಲ. “ಆಗಬಹುದು” ಎಂದೆವು. ಅಂಗಡಿಯವರನ್ನು ನಾವು ದೂರುವುದಿಲ್ಲ. ಅವರು ಕೇಳಿಯೇ ಕತ್ತರಿಸಿದರು, ಅಪ್ಪಣೆ ನಮ್ಮದು.

ಗೃಹಪ್ರವೇಶದ ದಿನ ಬಂದವರೆಲ್ಲ ಅದರ ಮುಂದೆ ನಿಂತು ಓದಿದರು. ಅಂದವಾಗಿಯೇ ಇತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಗುಲಾಬಿ ಬಣ್ಣ ಬೂದಿಯಾಯಿತು. ಮೇಲಿನ ಮೂಲೆಯಲ್ಲಿ ಬೂಷ್ಟಿನ ಕಪ್ಪು ಚುಕ್ಕೆಗಳು ಎದ್ದವು. ಗಾಜಿಗೆ ತಾಗಿಕೊಂಡಿದ್ದ ಕಡೆ ಕಾಗದ ಒದ್ದೆಯಾಗಿ ಗಾಜನ್ನೇ ಕಚ್ಚಿ ಹಿಡಿಯಿತು. ಅದೇ ಸಮಯಕ್ಕೆ ತಾಳಮದ್ದಳೆಯ ಬಗ್ಗೆ ಅಧ್ಯಯನ ನಡೆಸುತ್ತಿದ್ದ ತರುಣರೊಬ್ಬರು ಮನೆಗೆ ಬಂದರು. ಅವರು ಕೇಳಿದ್ದು ಎರಡೇ ಪ್ರಶ್ನೆ: “ಇದು ಯಾವ ವರ್ಷದ್ದು? ಎಲ್ಲಿ ಅಚ್ಚಾದದ್ದು?” ಅಜ್ಜಿಯ ಮಾತನ್ನು ಹೇಳಿ, 1956 ಎಂದೆವು. ಅವರು ವಿನಯದಿಂದಲೇ, “ಕಾಗದದಲ್ಲಿ ವರ್ಷ ಇಲ್ಲವಲ್ಲ” ಎಂದರು. ನಿಜ. ನವೆಂಬರ 24ನೇ ಶನಿವಾರ ರಾತ್ರಿ ಎಂದಷ್ಟೇ ಇತ್ತು. ಒಂದು ರಾತ್ರಿಗಾಗಿ ಅಚ್ಚು ಹಾಕಿಸುವವರಿಗೆ ವರ್ಷದ ಗೊಡವೆ ಏತಕ್ಕೆ?

ಆ ದಿನ ರಾತ್ರಿ ನಾವು ಲೆಕ್ಕ ಹಾಕಿದೆವು. ನವೆಂಬರ 24 ಶನಿವಾರ ಬಂದದ್ದು 1945ರಲ್ಲಿ. ಬಳಿಕ 1951ರಲ್ಲಿ, 1956ರಲ್ಲಿ, ಮತ್ತೆ 1962ರಲ್ಲಿ. ಅಜ್ಜಿಯ ಮಾತು ನಿಜವಾಗಲು ಅವಕಾಶವಿತ್ತು. ಅದು ಕೇವಲ ಕಥೆಯಾಗಿರಲೂ ಅಷ್ಟೇ ಅವಕಾಶವಿತ್ತು. ತೀರ್ಪು ಹೇಳಬಲ್ಲದ್ದು ಯಾವುದೆಂದು ಹುಡುಕುತ್ತ, ಸರಿಗೆಯಲ್ಲಿ ಉಳಿದಿದ್ದ ಕರಪತ್ರಗಳನ್ನು ಮೊದಲ ಬಾರಿಗೆ ಒಂದೊಂದಾಗಿ ಕಣ್ಣಿಟ್ಟು ನೋಡಿದೆವು. ಆಗ ತಿಳಿಯಿತು, ನಾವು ಕತ್ತರಿಸಿ ಎಸೆದದ್ದು ಏನೆಂದು.

ಪ್ರತಿಯೊಂದು ಕರಪತ್ರದ ತೀರ ಅಡಿಯಲ್ಲಿ, ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ, ಅಚ್ಚು ಹಾಕಿದವರ ಹೆಸರೂ ಊರೂ ಇದ್ದವು. ಅದು ಅಚ್ಚುಕೂಟದವರ ಹೆಮ್ಮೆಗಾಗಿ ಹಾಕಿದ್ದಲ್ಲ, ಕಾನೂನಿಗಾಗಿ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಈ ದೇಶದಲ್ಲಿ ಅಚ್ಚಾಗುವ ಪುಸ್ತಕ, ಪತ್ರಗಳ ಮೇಲೆ ಮುದ್ರಕನ ಹೆಸರು ಮತ್ತು ಮುದ್ರಣವಾದ ಸ್ಥಳವನ್ನು ಸ್ಪಷ್ಟವಾಗಿ ಕಾಣಿಸಬೇಕಿತ್ತು. ಬ್ರಿಟಿಷ್ ಸರಕಾರ ಅದನ್ನು ಮಾಡಿದ್ದು ಆಕ್ಷೇಪಾರ್ಹವಾದುದನ್ನು ಅಚ್ಚು ಹಾಕಿದವರನ್ನು ಹಿಡಿಯುವುದಕ್ಕೆ. ಆದರೆ ಅದೇ ಕಾಯಿದೆ ನಮ್ಮಂತಹವರಿಗೆ ಅರಿಯದೆ ಉಪಕಾರ ಮಾಡಿತ್ತು. ಊರಿನ ಹೆಸರಿನ ಪಕ್ಕದಲ್ಲಿ ಜಿಲ್ಲೆಯ ಹೆಸರೂ ಬರುತ್ತಿತ್ತು. ಅಜ್ಜನ ಕರಪತ್ರಗಳನ್ನು ಕ್ರಮವಾಗಿ ಜೋಡಿಸಿದಾಗ ಹಳೆಯವುಗಳ ಅಡಿಯಲ್ಲಿ ‘ಕಾಸರಗೋಡು, ದ.ಕ.’ ಎಂದಿತ್ತು, ಆಮೇಲಿನವುಗಳಲ್ಲಿ ಕಣ್ಣಾನೂರು ಜಿಲ್ಲೆಯ ಹೆಸರು ಬಂದಿತ್ತು.

ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು 1956ರ ನವೆಂಬರ 1ರಂದು ಕೇರಳದ ಮಲಬಾರು ಜಿಲ್ಲೆಗೆ ಸೇರಿತು. 1957ರ ಜನವರಿ 1ರಂದು ಮಲಬಾರು ವಿಭಜನೆಯಾಗಿ ಕಣ್ಣಾನೂರು ಜಿಲ್ಲೆ ಹುಟ್ಟಿತು. 1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾಯಿತು. ಹೀಗೆ ಮೂವತ್ತು ವರ್ಷಗಳೊಳಗೆ ನಮ್ಮ ಮನೆ ಇದ್ದಲ್ಲೇ ಇದ್ದು ನಾಲ್ಕು ಜಿಲ್ಲೆಗಳ ವಿಳಾಸ ಕಂಡಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದ್ದು, ಅದು ಹೇಳಿದಂತೆ ಆಗದೆ ಉಳಿದದ್ದು, ಈ ಸಂಚಿಕೆಯ ಓದುಗರಿಗೆ ನೆನಪಿಸಬೇಕಾದ ವಿಷಯವಲ್ಲ. ಆ ಎಲ್ಲ ಬದಲಾವಣೆಯೂ ಕರಪತ್ರಗಳ ಅಡಿಯ ಒಂದೇ ಸಾಲಿನಲ್ಲಿ ದಾಖಲಾಗಿತ್ತು. ಮೇಲಿನ ದೊಡ್ಡಕ್ಷರಗಳಲ್ಲಿ ಪ್ರಸಂಗ, ಪಾತ್ರ, ಕಲಾವಿದರು ಎಲ್ಲ ಹಾಗೆಯೇ, ಕನ್ನಡದಲ್ಲಿಯೇ. ರಾಜ್ಯ ಬದಲಾದದ್ದು ಅಂಚಿನಲ್ಲಿ ಮಾತ್ರ.

ಗುಲಾಬಿ ಕಾಗದದ ಅಡಿಯಲ್ಲಿ ‘ದ.ಕ.’ ಎಂದಿದ್ದರೆ ಅದು 1945 ಅಥವಾ 1951ರದ್ದಾಗಿರಬಹುದಿತ್ತು. ಹಳೆಯ ಅಚ್ಚಿನ ಮೊಳೆಗಳನ್ನು ತಿಂಗಳೊಳಗೆ ಯಾರೂ ಬದಲಿಸುವುದಿಲ್ಲವಾದ್ದರಿಂದ 1956ರದ್ದೂ ಆಗಿರಬಹುದಿತ್ತು. ಕಣ್ಣಾನೂರು ಎಂದಿದ್ದರೆ 1962 ಎಂದು ಖಚಿತವಾಗುತ್ತಿತ್ತು. ಅಜ್ಜಿಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅಚ್ಚುಕೂಟದ ಹೆಸರಾದರೂ ಗೊತ್ತಿದ್ದರೆ ಅದು ಯಾವಾಗ ಆರಂಭವಾಯಿತು, ಯಾವಾಗ ಮುಚ್ಚಿತು ಎಂದು ವಿಚಾರಿಸಬಹುದಿತ್ತು. ಆ ಸಾಲು ಅಂಗಡಿಯ ಕಸದ ಬುಟ್ಟಿಗೆ ಹೋಗಿ ಎರಡು ವರ್ಷವಾಗಿತ್ತು.

ಉಳಿದದ್ದು ಬೆನ್ನಿನ ಬರಹ. ಅಜ್ಜ ಅಲ್ಲಿ ಖಂಡಿತವಾಗಿ ಏನನ್ನೋ ಬರೆದಿದ್ದರು. ಆದರೆ ಕಾಗದ ಈಗ ಹಾರ್ಡ್‌ಬೋರ್ಡಿಗೆ ಅಂಗುಲವೂ ಬಿಡದಂತೆ ಬಿಳಿ ಅಂಟಿನಿಂದ ಮೆತ್ತಲ್ಪಟ್ಟಿತ್ತು. ಪತ್ರಾಗಾರವೊಂದರಲ್ಲಿ ಸಂರಕ್ಷಣೆಯ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರ ಬಳಿಗೆ ಅದನ್ನು ಕೊಂಡೊಯ್ದೆವು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ ಹೇಳಿದರು: “ಹಿಟ್ಟಿನ ಅಂಟಾಗಿದ್ದರೆ ತೇವ ಕೊಟ್ಟು ಬಿಡಿಸಬಹುದಿತ್ತು. ಇದು ಒಣಗಿದ ಮೇಲೆ ಪ್ಲಾಸ್ಟಿಕ್ಕೇ. ಈ ಗುಲಾಬಿ ಬಣ್ಣವೋ, ನೀರು ಸೋಕಿದರೆ ಹರಿಯುತ್ತದೆ. ಹಲಗೆಯನ್ನು ಹಿಂದಿನಿಂದ ಪದರ ಪದರವಾಗಿ ಕೆರೆದು ತೆಳ್ಳಗೆ ಮಾಡುವವರಿದ್ದಾರೆ. ಆದರೆ ಕೊನೆಯ ಪದರದ ಜೊತೆಗೆ ಪೆನ್ಸಿಲಿನ ಅಕ್ಷರವೂ ಬರುತ್ತದೆ. ಬೆನ್ನು ಓದಲು ಹೋದರೆ ಮುಖ ಕಳೆದುಕೊಳ್ಳಬಹುದು, ಎರಡನ್ನೂ ಕಳೆದುಕೊಳ್ಳಬಹುದು.” ಏನು ಮಾಡುವುದೆಂದು ಕೇಳಿದೆವು. “ಸದ್ಯಕ್ಕೆ ಏನೂ ಮಾಡಬೇಡಿ. ಇನ್ನಷ್ಟು ಕೆಡದಂತೆ ಇಡಿ. ನಮಗಿಂತ ತಿಳಿದವರು ಮುಂದೆ ಬರುತ್ತಾರೆ” ಎಂದರು.

ಕಾಗದದ ವಿಷಯದಲ್ಲಿ ನಮಗೆ ಅಕ್ಷರಾಭ್ಯಾಸವಾದದ್ದು ಆ ಹಿರಿಯರಿಂದ. ಮೊದಲು ಅವರು ತಿಳಿಸಿದ್ದು ಕಾಗದ ಏಕೆ ಸಾಯುತ್ತದೆ ಎಂಬುದನ್ನು. ಹತ್ತಿಯ ಚಿಂದಿಯಿಂದ ತಯಾರಾದ ಹಳೆಯ ಕಾಗದ ಶತಮಾನಗಳ ಕಾಲ ಬಾಳುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರದ ತಿರುಳಿನ ಅಗ್ಗದ ಕಾಗದ ಬಂತು. ಅರೆದ ಮರದಲ್ಲಿರುವ ಲಿಗ್ನಿನ್ ಎಂಬ ವಸ್ತು ಬೆಳಕು, ಗಾಳಿ ತಾಗಿದಂತೆ ಹಳದಿಗಟ್ಟುತ್ತದೆ. ಶಾಯಿ ಹರಡದಿರಲೆಂದು ಸೇರಿಸುತ್ತಿದ್ದ ರಾಳ ಮತ್ತು ಸ್ಫಟಿಕದ ಮಿಶ್ರಣ ಕಾಗದದೊಳಗೇ ಆಮ್ಲವನ್ನು ಹುಟ್ಟಿಸಿ ಅದರ ನಾರುಗಳನ್ನು ತುಂಡರಿಸುತ್ತ ಬರುತ್ತದೆ. ಕರಪತ್ರಕ್ಕೆ ಬಳಸುತ್ತಿದ್ದದ್ದು ಅಗ್ಗದ ಕಾಗದಗಳಲ್ಲೂ ಅಗ್ಗದ್ದು. ಅಂದರೆ ತನ್ನನ್ನು ಸುಡುವ ಕೆಂಡವನ್ನು ಅದು ಹುಟ್ಟುವಾಗಲೇ ಮಡಿಲಲ್ಲಿ ಕಟ್ಟಿಕೊಂಡು ಬಂದಿರುತ್ತದೆ. ಅದನ್ನು ಪೂರ್ತಿ ಆರಿಸಲು ನಮ್ಮಿಂದಾಗದು; ಊದದಿರಲು ಆಗುತ್ತದೆ.

ನಾವಾದರೋ ಎಲ್ಲ ಕಡೆಯಿಂದಲೂ ಊದಿದ್ದೆವು. ಹಾರ್ಡ್‌ಬೋರ್ಡು, ಪ್ಲೈವುಡ್ಡು, ರಟ್ಟು ಇವೆಲ್ಲ ಆಮ್ಲವನ್ನು ಉಗುಳುವ ವಸ್ತುಗಳು; ಬೆನ್ನಿಗೆ ಅದನ್ನೇ ಕಟ್ಟಿದ್ದೆವು. ಗಾಜಿಗೂ ಕಾಗದಕ್ಕೂ ನಡುವೆ ಎಡೆಯನ್ನೇ ಬಿಟ್ಟಿರಲಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ, ಗಾಳಿಮಳೆ ನೇರವಾಗಿ ಬಡಿಯುವ ಪಡುವಣ ಗೋಡೆಗೆ ತೂಗಹಾಕಿದ್ದೆವು. ಗಾಳಿಯ ತೇವಾಂಶ ಶೇಕಡಾ 65-70ನ್ನು ಮೀರಿ ನಿಂತಿತೆಂದರೆ ಬೂಷ್ಟು ಚಿಗುರುತ್ತದೆ; ನಮ್ಮ ಆಟಿ ತಿಂಗಳಲ್ಲಿ ಅದು ಮೀರದ ದಿನವೇ ಅಪರೂಪ. ಬೆಳಕಿನ ಮಾತು ಇನ್ನೂ ಕಠಿನ. ಮುದ್ರಿತ ಚಿತ್ರ, ಕಾಗದಗಳಿಗೆ ವಸ್ತುಸಂಗ್ರಹಾಲಯಗಳು 50 ಲಕ್ಸಿನ ಮಂದ ಬೆಳಕನ್ನಷ್ಟೇ ಬಿಡುತ್ತವೆ. ನೇರ ಬಿಸಿಲು ಒಂದು ಲಕ್ಷ ಲಕ್ಸಿನ ಸಮೀಪಕ್ಕೆ ಹೋಗುತ್ತದೆ. ಬೆಳಕು ಮಾಡಿದ ಹಾನಿ ಕತ್ತಲೆಯಲ್ಲಿಟ್ಟರೆ ವಾಸಿಯಾಗುವುದಿಲ್ಲ. ದಿನದ ಲೆಕ್ಕ ದಿನಕ್ಕೆ ಕೂಡುತ್ತಲೇ ಹೋಗುತ್ತದೆ.

ಹಳೆಯ ಮನೆಯ ಚಾವಡಿಯಲ್ಲಿದ್ದ ಲಕ್ಷ್ಮಿ, ಸರಸ್ವತಿಯರ ಎರಡು ಪಟಗಳನ್ನೂ ಆ ಹಿರಿಯರಿಗೆ ತೋರಿಸಿದೆವು. ರವಿವರ್ಮನ ಚಿತ್ರಗಳ ಅಚ್ಚುಗಳು ಅವು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಬಳಿಕ ಲೋಣಾವಳದ ಸಮೀಪಕ್ಕೆ ಹೋದ ರವಿವರ್ಮ ಮುದ್ರಣಾಲಯ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನ ಅಚ್ಚನ್ನು ಒತ್ತಿ ತಯಾರಿಸಿದ ಇಂತಹ ಪಟಗಳನ್ನು ದೇಶದ ಮನೆಮನೆಗೆ ಮುಟ್ಟಿಸಿತು. ಅದೇ 1894ರಲ್ಲಿ ಮಂಗಳೂರಿನಲ್ಲಿ ಕಿಟ್ಟೆಲರ ನಿಘಂಟು ಅಚ್ಚಾಗಿ ಹೊರಬಂದಿತ್ತು. ಕಲ್ಲಚ್ಚಿನ ಕೆಲಸ ನಮ್ಮ ಕರಾವಳಿಗೆ ಅದಕ್ಕೂ ಹಳೆಯದು. 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿಯೇ ಮೂಡಿದ ಪತ್ರಿಕೆ. ಹಿರಿಯರು ಸರಸ್ವತಿಯ ಪಟದ ಹಿಂಬದಿಯ ಮೊಳೆಗಳನ್ನು ಒಂದೊಂದಾಗಿ ಕಿತ್ತು ಹಲಗೆ ಸರಿಸಿದರು. ಮರದ ಹಲಗೆಯ ಗೆರೆಗಳೆಲ್ಲ ಕಾಗದದ ಬೆನ್ನಿಗೆ ಕಂದುಬಣ್ಣದಲ್ಲಿ ಇಳಿದಿದ್ದವು. ಆದರೆ ಅಂಚು ಕತ್ತರಿಸಲ್ಪಟ್ಟಿರಲಿಲ್ಲ. ಆ ಕಾಲದ ಕಟ್ಟು ಹಾಕುವವನು ಚೌಕಟ್ಟಿಗೆ ಹೆಚ್ಚಾದುದನ್ನು ಹಿಂದಕ್ಕೆ ಮಡಚಿ ಬಿಟ್ಟಿದ್ದ. ಮಡಿಕೆ ಬಿಡಿಸಿದಾಗ ಮುದ್ರಣಾಲಯದ ಹೆಸರು, ಕಾರ್ಲಾ-ಲೋಣಾವಳ ಎಂಬ ಸ್ಥಳದ ಹೆಸರು ಆಂಗ್ಲ ಅಕ್ಷರಗಳಲ್ಲಿ ಹೊಳೆಯಿತು. ಹೆಸರು ತಿಳಿಯದ ಆ ಕೆಲಸಗಾರನಿಗೆ ಇದ್ದ ತಾಳ್ಮೆ ಓದಿದ ನಮಗೆ ಇರಲಿಲ್ಲ ಎಂದು ನಾವು ಮೂವರೂ ತಲೆ ತಗ್ಗಿಸಿ ಕುಳಿತೆವು.

ಕಟ್ಟು ಹಾಕಿಸಲೇಬಾರದೇ ಎಂದು ಕೇಳಿದಾಗ ಅವರು ನಕ್ಕರು. ಹಾಕಿಸಬಹುದು, ಆದರೆ ಕಾಗದಕ್ಕಾಗಿ ಚೌಕಟ್ಟೇ ಹೊರತು ಚೌಕಟ್ಟಿಗಾಗಿ ಕಾಗದವಲ್ಲ. ಆಮ್ಲವಿಲ್ಲದ ದಪ್ಪ ಹಾಳೆಯ ನಡುವೆ ಕಿಟಕಿಯಂತೆ ಕೊರೆದು ಕಾಗದದ ಮುಂದೆ ಇಟ್ಟರೆ ಗಾಜು ಅದಕ್ಕೆ ತಾಗುವುದಿಲ್ಲ. ಬೆನ್ನಿಗೂ ಅಂತಹದೇ ಹಾಳೆ. ಕಾಗದವನ್ನು ಅದಕ್ಕೆ ಅಂಟಿಸದೆ, ಮೇಲಿನ ಎರಡು ಕಡೆ ಮಾತ್ರ ಜಪಾನಿನ ತೆಳು ಕಾಗದದ ಸಣ್ಣ ತುಂಡುಗಳನ್ನು ಗೋಧಿಯ ಪಿಷ್ಟದ ಗಂಜಿಯಿಂದ ಹಿಡಿಸಿ ತೂಗಿಬಿಡಬೇಕು. ಬೇಡವೆಂದಾಗ ಅದು ಸ್ವಲ್ಪ ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಹಿಂದಿನ ಪುಸ್ತಕ ಕಟ್ಟುವವರು ಹುಳು ಬಾರದಿರಲೆಂದು ಗಂಜಿಗೆ ಮೈಲುತುತ್ತ ಬೆರೆಸುತ್ತಿದ್ದುದನ್ನು ನಾವು ನೆನಪಿಸಿದೆವು. ಅಡಿಕೆಗೆ ಅದು ಮದ್ದು, ಕಾಗದಕ್ಕೆ ತಾಮ್ರ ಮೆಲ್ಲನೆಯ ವಿಷ ಎಂದು ತಿದ್ದಿದರು. ಚೌಕಟ್ಟಿನ ಹಿಂದಿನ ಮೂಲೆಗಳಿಗೆ ಬೆಂಡಿನ ತುಂಡು ಇಟ್ಟು ಗೋಡೆಯಿಂದ ತುಸು ದೂರ ನಿಲ್ಲಿಸಿದರೆ ಗಾಳಿ ಆಡುತ್ತದೆ. ಹೊರಗೋಡೆಗೆ ಬೇಡ, ಒಳಗೋಡೆಗೆ. ಕಿಟಕಿಯ ಎದುರು ಬೇಡ, ಅದರ ಪಕ್ಕಕ್ಕೆ. ಇಷ್ಟೆಲ್ಲ ಹೇಳಿ, “ಇಷ್ಟಾದರೂ ಗೋಡೆಗೆ ನಕಲು ಸಾಕು. ಮೂಲ ಕತ್ತಲೆಯಲ್ಲಿರಲಿ” ಎಂದು ಮಾತು ಮುಗಿಸಿದರು.

ಸೆಲ್ಲೋಟೇಪು ಮತ್ತು ಲ್ಯಾಮಿನೇಷನ್ನಿನ ಹೆಸರೆತ್ತಿದಾಗ ಮಾತ್ರ ಅವರ ಮುಖ ಕೆಂಪಾಯಿತು. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಕಾಗದದೊಳಗೆ ಇಳಿದು, ಟೇಪು ಉದುರಿದ ಮೇಲೂ ಕಂದು ಕಲೆಯಾಗಿ ಉಳಿಯುತ್ತದೆ. ಬಿಸಿ ಒತ್ತಿ ಮಾಡುವ ಲ್ಯಾಮಿನೇಷನ್ ಕಾಗದವನ್ನೂ ಪ್ಲಾಸ್ಟಿಕನ್ನೂ ಮತ್ತೆಂದೂ ಬೇರೆಯಾಗದಂತೆ ಬೆಸೆಯುತ್ತದೆ. ಒಳಗಿನ ಆಮ್ಲ ಒಳಗೇ ಕೆಲಸ ಮಾಡುತ್ತಿರುತ್ತದೆ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ದಾಖಲೆಶಾಲೆಗಳೇ ಪ್ಲಾಸ್ಟಿಕ್ ಪೊರೆಯಲ್ಲಿ ಕಾಗದವನ್ನು ಬೆಸೆಯುವ ವಿಧಾನವನ್ನು ನಂಬಿ, ಆಮೇಲೆ ಪಶ್ಚಾತ್ತಾಪಪಟ್ಟು ಕೈಬಿಟ್ಟವು ಎಂದರು. ಹಿಂದೆ ತೆಗೆಯಲಾಗದ ಯಾವುದನ್ನೂ ಮಾಡಬಾರದೆಂಬುದು ಅವರ ವಿದ್ಯೆಯ ಮೊದಲ ಪಾಠ.

ಉಳಿದ ಕರಪತ್ರಗಳ ಕೆಲಸಕ್ಕೆ ನಮಗೆ ಒಂದು ಬೇಸಗೆ ಪೂರ್ತಿ ಹಿಡಿಯಿತು. ಮೊದಲು ಅವುಗಳನ್ನು ತುಕ್ಕು ಹಿಡಿದ ಸರಿಗೆಯಿಂದ ಬಿಡಿಸಿದೆವು. ಬಿಡಿಸುವ ಮೊದಲು ಯಾವುದರ ಮೇಲೆ ಯಾವುದಿತ್ತೆಂದು ಬರೆದುಕೊಂಡೆವು. ಏಕೆಂದರೆ ಚುಚ್ಚಿದ ಅನುಕ್ರಮವೂ ಕಾಲದ ಸಾಕ್ಷಿಯೇ. ಮೆದುವಾದ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಧೂಳು ಸರಿಸಿದೆವು. ಪ್ರತಿಯೊಂದರ ಮುಖವನ್ನೂ ಬೆನ್ನನ್ನೂ, ನಾಲ್ಕೂ ಅಂಚು ಕಾಣುವಂತೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಛಾಯಾಚಿತ್ರ ತೆಗೆದೆವು. ಬೆನ್ನಿಗೆ ಕ್ಷಾರಗುಣದ ಹಾಳೆಯೊಂದನ್ನು ಸೇರಿಸಿ, ಪಾಲಿಯೆಸ್ಟರಿನ ಪಾರದರ್ಶಕ ಹಾಳೆಗಳ ನಡುವೆ ಅಂಟಿಸದೆ ಇರಿಸಿ, ಆಮ್ಲರಹಿತ ಪೆಟ್ಟಿಗೆಯಲ್ಲಿ ಮಲಗಿಸಿದೆವು. ಒರಲೆಯ ಭಯಕ್ಕೆ ಪೆಟ್ಟಿಗೆಯನ್ನು ಗೋಡೆಗೆ ತಾಗದ ಉಕ್ಕಿನ ಕಪಾಟಿನಲ್ಲಿ, ನೆಲದಿಂದ ಎತ್ತರದಲ್ಲಿ ಇಟ್ಟಿದ್ದೇವೆ. ನವರಾತ್ರಿಯಲ್ಲಿ ಪುಸ್ತಕಗಳನ್ನು ಹೊರತೆಗೆದು ಒರಸಿ ಪೂಜೆಗಿಡುವ ವಾಡಿಕೆ ನಮ್ಮಲ್ಲಿದೆಯಷ್ಟೆ. ಮಳೆಗಾಲ ಕಳೆದು ಪೆಟ್ಟಿಗೆ ತೆರೆದು ನೋಡುವುದಕ್ಕೆ ಅದಕ್ಕಿಂತ ತಕ್ಕ ಮುಹೂರ್ತವಿಲ್ಲ. ಹುಳುವನ್ನು ಕಂಡುಹಿಡಿಯುವ ಅತ್ಯುತ್ತಮ ಉಪಾಯವೆಂದರೆ ವರ್ಷಕ್ಕೊಮ್ಮೆಯಾದರೂ ಕಣ್ಣು ಹಾಯಿಸುವುದು.

ಹೀಗೆ ಜೋಡಿಸುವಾಗ ಆ ಅಗ್ಗದ ಕಾಗದಗಳು ನಮಗೆ ಹೇಳಿದ ಸಂಗತಿಗಳು ಒಂದೆರಡಲ್ಲ. ವರ್ಷವಿಲ್ಲದ ಡೇರೆ ಮೇಳದ ಕರಪತ್ರಗಳ ಕಾಲವನ್ನು ಟಿಕೇಟಿನ ದರ ಹೇಳಿತು. ನೆಲಕ್ಕೆ ಇಷ್ಟಾಣೆ, ಕುರ್ಚಿಗೆ ಇಷ್ಟಾಣೆ ಎಂದಿದ್ದವು ಸಾಮಾನ್ಯವಾಗಿ 1957ರ ಏಪ್ರಿಲಿಗೆ ಹಿಂದಿನವು. ನಯೇಪೈಸೆ ಎಂದಿದ್ದವು ಅದರಿಂದೀಚೆಗೆ, 1964ರ ನಡುವಿನವರೆಗಿನವು. ಬರಿಯ ಪೈಸೆ ಎಂದಿದ್ದರೆ ಇನ್ನೂ ಈಚಿನವು. ಬೆನ್ನಿನ ಬರಹಗಳು ಇನ್ನೂ ಸೊಗಸಾದವು. ಒಂದು ಕಡೆ ಅಜ್ಜ ಭಾಗವತರ ತಾಳ ತಪ್ಪಿದ್ದನ್ನು ಬರೆದು, ಮರುದಿನ ವಿಚಾರಿಸಿದಾಗ ಅವರಿಗೆ ಜ್ವರವಿತ್ತೆಂದು ತಿಳಿದು ಹಿಂದಿನ ಸಾಲನ್ನು ಹೊಡೆದುಹಾಕಿದ್ದರು. ಇನ್ನೊಂದರಲ್ಲಿ ಆಟಕ್ಕೆ ಕೊಂಡುಹೋದ ಚಾಪೆಯನ್ನು ಬಿಟ್ಟುಬಂದುದಕ್ಕೆ ಅಜ್ಜಿಯಿಂದ ಬೈಸಿಕೊಂಡ ವಾರ್ತೆ ಇತ್ತು. ಯಾವ ಚರಿತ್ರೆಯ ಪುಸ್ತಕವೂ ಬರೆದುಕೊಳ್ಳದ ಒಂದು ಬಾಳು, ಕನ್ನಡದಲ್ಲಿಯೇ ನಗುತ್ತ, ಕನ್ನಡದಲ್ಲಿಯೇ ಮುನಿಯುತ್ತ, ಅಲ್ಲಿ ಹರಡಿತ್ತು.

ಗಡಿನಾಡಿನವರಾದ ನಮಗೆ ಇಂತಹ ಕಾಗದಗಳು ಉಳಿದವರಿಗಿಂತ ಹೆಚ್ಚು ಬೇಕು. ರಾಜಧಾನಿಯ ಗ್ರಂಥಾಲಯಗಳು ಪುಸ್ತಕಗಳನ್ನು ಕಾಪಾಡುತ್ತವೆ. ಕುಂಬಳೆಯಲ್ಲಿಯೋ ಅಕ್ಕಲಕೋಟೆಯಲ್ಲಿಯೋ ಮಡಕಶಿರದಲ್ಲಿಯೋ ತಾಳವಾಡಿಯಲ್ಲಿಯೋ ಒಂದು ರಾತ್ರಿಯ ನಾಟಕಕ್ಕೆ ಹಂಚಿದ ಚೀಟಿ, ಮದುವೆಯ ಕರೆಯೋಲೆ, ಜಾತ್ರೆಯ ಪ್ರಕಟಣೆ, ಅಂಗಡಿಯ ಪಂಚಾಂಗದ ಹಾಳೆ ಇವುಗಳನ್ನು ನಾವಲ್ಲದೆ ಬೇರೆ ಯಾರೂ ಎತ್ತಿಡುವುದಿಲ್ಲ. ಇಲ್ಲಿ ಕನ್ನಡವಿತ್ತೇ ಎಂದು ಮುಂದೊಮ್ಮೆ ಕೇಳುವವರಿಗೆ ಭಾವುಕವಾದ ಭಾಷಣಕ್ಕಿಂತ, ಅಡಿಯಲ್ಲಿ ಊರಿನ ಹೆಸರಿರುವ ಒಂದು ಗುಲಾಬಿ ಕಾಗದ ಗಟ್ಟಿಯಾದ ಉತ್ತರ. ಆದುದರಿಂದ ಸಂಘದ ಮುಂದೆ ನಮ್ಮದೊಂದು ವಿನಂತಿ. ವರ್ಷಕ್ಕೊಂದು ದಿನ ಊರವರು ತಮ್ಮ ಮನೆಯ ಹಳೆಯ ಕಾಗದಗಳನ್ನು ತಂದು ತೋರಿಸುವಂತಾಗಲಿ. ಮೂಲವನ್ನು ಯಾರಿಂದಲೂ ಕೇಳುವುದು ಬೇಡ. ಮುಖ, ಬೆನ್ನು, ನಾಲ್ಕೂ ಅಂಚುಗಳ ಚಿತ್ರವನ್ನು ತೆಗೆದುಕೊಂಡು ಹಿಂದಿರುಗಿಸಿದರೆ ಸಾಕು. ಮನೆ ಕೆಡಹುವವರು ಅಟ್ಟದ ಕಸವನ್ನು ಬೆಂಕಿಗೆ ಹಾಕುವ ಮೊದಲು ಒಂದು ಮಾತು ತಿಳಿಸಲಿ. ಕಟ್ಟು ಹಾಕಿಸುವವರು 'ಕತ್ತರಿಸಬೇಡಿ, ಅಂಟಿಸಬೇಡಿ' ಎಂಬ ಎರಡು ಮಾತನ್ನು ಹೇಳಲು ಮರೆಯದಿರಲಿ.

ನಮ್ಮ ಚಾವಡಿಯಲ್ಲಿ ಈಗ ತೂಗುತ್ತಿರುವುದು ಗುಲಾಬಿ ಕಾಗದದ ನಕಲು. ಬಂದವರು ಅದನ್ನೇ ಓದಿ ಸಂತೋಷಪಡುತ್ತಾರೆ. ಮೂಲವು ಹಾರ್ಡ್‌ಬೋರ್ಡಿನ ಸಮೇತ, ಬೇರೆ ಕಾಗದಗಳಿಗೆ ತಾಗದಂತೆ, ತನ್ನದೇ ಪೆಟ್ಟಿಗೆಯಲ್ಲಿದೆ. ಗಾಜು ಕಚ್ಚಿದ ಭಾಗದಲ್ಲಿ ಒಂದೆರಡು ಅಕ್ಷರ ಹೋದರೂ ಅಜ್ಜನ ಹೆಸರು ಉಳಿದಿದೆ. ಆ ರಾತ್ರಿ 1956ರದ್ದೇ ಹೌದೇ ಎಂಬ ಪ್ರಶ್ನೆಗೆ ಉತ್ತರ, ಇದ್ದರೆ, ಅದರ ಬೆನ್ನಿನಲ್ಲಿ ಅಡಗಿದೆ. ಪೆಟ್ಟಿಗೆಯ ಮುಚ್ಚಳದೊಳಗೆ ನಾವು ಮೂವರೂ ಪೆನ್ಸಿಲಿನಲ್ಲಿ ಸಹಿ ಮಾಡಿದ ಚೀಟಿಯೊಂದನ್ನು ಇಟ್ಟಿದ್ದೇವೆ. ಅದರಲ್ಲಿ ಹೀಗೆ ಬರೆದಿದೆ: “ಈ ಕಾಗದದ ಅಡಿಯ ಅಂಚನ್ನು ಕತ್ತರಿಸಲು ಹೇಳಿದವರು ನಾವು. ಬೆನ್ನಿನಲ್ಲಿ ಅಜ್ಜನ ಕೈಬರಹವಿದೆ, ನಾವು ಓದಿಲ್ಲ. ಬಿಡಿಸಲು ಬಲ್ಲವರು ಸಿಕ್ಕುವವರೆಗೆ ದಯವಿಟ್ಟು ಕಾಯಿರಿ.”